ಬಿಸಿಲಿದ್ದರೂ ತುಂಬದ ಬ್ಯಾಟರಿ

ಬೆಂಗಳೂರಿನ ಸುಬ್ರಹ್ಮಣ್ಯಪುರದ ತರುಣ ವಾಚಕರೊಬ್ಬರು ಕೇಳಿರುವ ಪ್ರಶ್ನೆಯು, ಕಾಡಿನಂಚಿನಲ್ಲಿ ಡೇರೆ ಹೂಡಿ ರಾತ್ರಿ ಕಳೆಯುವ ಹವ್ಯಾಸ ಬೆಳೆಯುತ್ತಿರುವ ಈ ನಗರದಲ್ಲಿ ಇನ್ನೂ ಅನೇಕರನ್ನು ಕಾಡಿರಬಹುದಾದದ್ದು. ಕಾವೇರೀತೀರದಲ್ಲಿ, ಭೀಮೇಶ್ವರಿಯ ಕಡೆ ತಂಗಲು ಹೊರಟ ಅವರು ಹೊಸ 12 ವೋಲ್ಟಿನ ಲಿಥಿಯಂ ಬ್ಯಾಟರಿಯನ್ನೂ 100 ವಾಟಿನ ಸೋಲಾರ್ ಪ್ಯಾನೆಲನ್ನೂ ಒಯ್ದಿದ್ದರು. ರಾತ್ರಿ, ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ನಿಂತು ಚಾರ್ಜನ್ನು ನಿಯಂತ್ರಿಸುವ ಕಂಟ್ರೋಲರಿನ ಪರದೆಯ ಮೇಲೆ ಬ್ಯಾಟರಿ ತುಂಬಿದೆಯೆಂಬ ಗುರುತು ಕಾಣುತ್ತಿದ್ದಂತೆಯೇ ದೀಪ, ಫ್ಯಾನುಗಳೆರಡೂ ಒಮ್ಮೆಗೇ ನಿಂತುಹೋದವಂತೆ. ಮರುದಿನ ಮೋಡದ ತುಣುಕೂ ಇಲ್ಲದ ಆಕಾಶದ ಕೆಳಗೆ ಪ್ಯಾನೆಲನ್ನು ಹಗಲೆಲ್ಲ ಇರಿಸಿದ್ದರೂ ಬ್ಯಾಟರಿಗೆ ಒಂದು ಹನಿ ವಿದ್ಯುತ್ತೂ ಸೇರಲಿಲ್ಲವಂತೆ. ಮಲ್ಟಿಮೀಟರಿನಲ್ಲಿ ಸೊನ್ನೆ ಬಂದಿತಂತೆ. ಬ್ಯಾಟರಿ ಸತ್ತಿತೆ ಎಂಬುದು ಅವರ ಪ್ರಶ್ನೆ. ಸತ್ತಿರಲಿಲ್ಲ, ತನ್ನನ್ನು ತಾನು ಕಾಪಾಡಿಕೊಂಡಿತ್ತು.

ಇಂಥ ಕೆಲಸಗಳಿಗೆಂದು ಈಗ ದೊರೆಯುವ ಬ್ಯಾಟರಿಗಳಲ್ಲಿ ಬಹಳಷ್ಟು ಲಿಥಿಯಂ ಐರನ್ ಫಾಸ್ಫೇಟ್ ಜಾತಿಯವು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಜಾನ್ ಗುಡ್‌ಎನಫ್ ಅವರ ಪ್ರಯೋಗಶಾಲೆಯಲ್ಲಿ ಈ ದ್ರವ್ಯದ ಗುಣಗಳು ಬೆಳಕಿಗೆ ಬಂದವು. ಅದನ್ನು ವಿವರಿಸಿದ 1997ರ ಪ್ರಬಂಧದ ಕರ್ತೃಗಳು ಮೂವರು, ಎ.ಕೆ. ಪಾಢಿ ಮತ್ತು ಗುಡ್‌ಎನಫ್ ಅವರ ಹೆಸರುಗಳ ನಡುವೆ ಕೆ.ಎಸ್. ನಂಜುಂಡಸ್ವಾಮಿ ಎಂಬ ಹೆಸರನ್ನು ಕಂಡು ಯಾವ ಕನ್ನಡಿಗನಿಗಾದರೂ ಹರ್ಷವಾಗದಿರದು. ಫಾಸ್ಫೇಟಿನಲ್ಲಿ ರಂಜಕವು ಆಮ್ಲಜನಕವನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಯೆಂದರೆ, ಕಾದರೂ ಅದು ಸುಲಭವಾಗಿ ಬಿಡುಗಡೆಯಾಗದು. ಡೇರೆಯ ಪಕ್ಕದಲ್ಲಿ ಇರಿಸಿಕೊಳ್ಳುವುದಕ್ಕೆ ಈ ಬ್ಯಾಟರಿ ಇತರ ಲಿಥಿಯಂ ಬ್ಯಾಟರಿಗಳಿಗಿಂತ ಯೋಗ್ಯವಾದದ್ದು ಇದರಿಂದಲೇ.

ಇದಕ್ಕಿಂತಲೂ ಸೋಜಿಗದ ಗುಣವೊಂದು ಇದಕ್ಕಿದೆ. ಸೀಸದ ಹಳೆಯ ಬ್ಯಾಟರಿಯ ವೋಲ್ಟೇಜು ತುಂಬಿದಾಗ ಸುಮಾರು 12.7, ಅರ್ಧಕ್ಕಿಳಿದಾಗ ಸುಮಾರು 12.2 ಇರುವುದರಿಂದ, ಅದನ್ನು ಅಳೆದು ಒಳಗೆಷ್ಟು ಉಳಿದಿದೆಯೆಂದು ಊಹಿಸಬಹುದು. ಲಿಥಿಯಂ ಐರನ್ ಫಾಸ್ಫೇಟಾದರೋ ಮುಕ್ಕಾಲು ಪಾಲು ತುಂಬಿದ್ದಾಗಲೂ ಕಾಲು ಪಾಲಷ್ಟೇ ಉಳಿದಾಗಲೂ 13ರ ಆಸುಪಾಸಿನಲ್ಲಿಯೇ ಅಲುಗದೆ ನಿಂತಿರುತ್ತದೆ. ಅದರ ಹರಳುಗಳಲ್ಲಿ ಲಿಥಿಯಂ ತುಂಬಿದ ಅವಸ್ಥೆ, ಲಿಥಿಯಂ ತೊರೆದ ಅವಸ್ಥೆ ಎಂಬೆರಡೂ ಏಕಕಾಲದಲ್ಲಿದ್ದು, ಒಂದು ಬೆಳೆದಂತೆ ಇನ್ನೊಂದು ಕ್ಷಯಿಸುತ್ತದೆ. ಲೋಟದ ನೀರಿನಲ್ಲಿ ಮಂಜುಗಡ್ಡೆಯ ಕೊನೆಯ ಚೂರು ಕರಗುವ ತನಕ ಉಷ್ಣತೆ ಸೊನ್ನೆ ಡಿಗ್ರಿಯನ್ನು ಬಿಟ್ಟು ಏಳದಿರುವಂತೆ, ಈ ಎರಡು ಅವಸ್ಥೆಗಳು ಜೊತೆಗಿರುವಷ್ಟು ಕಾಲ ವೋಲ್ಟೇಜೂ ಕದಲುವುದಿಲ್ಲ. ಒಂದು ಮುಗಿಯಿತೆಂದರೆ ಕಡಿದಾಗಿ ಬೀಳುತ್ತದೆ. ಸೀಸದ ಬ್ಯಾಟರಿಗೆಂದು ಅಳತೆ ಕಟ್ಟಿದ ಕಂಟ್ರೋಲರು 13 ವೋಲ್ಟನ್ನು ಕಂಡು, ತುಂಬಿದೆ ತುಂಬಿದೆಯೆಂದು ಕೊನೆಯ ಗಳಿಗೆಯವರೆಗೆ ತೋರಿಸಿದ್ದರಲ್ಲಿ ವಿಶೇಷವೇನೂ ಇಲ್ಲ.

ವೋಲ್ಟೇಜು ಹಾಗೆ ಬೀಳುವಾಗ, ಬ್ಯಾಟರಿಯೊಳಗಿನ ನಾಲ್ಕು ಕೋಶಗಳಲ್ಲಿ ಯಾವುದಾದರೊಂದು ಸುಮಾರು 2.5 ವೋಲ್ಟಿಗಿಳಿದೊಡನೆ, ಬಿ.ಎಂ.ಎಸ್. ಎಂದು ಕರೆಯಲ್ಪಡುವ ಒಳಗಿನ ರಕ್ಷಣಾಫಲಕವು ಹೊರಗಿನ ಸಂಪರ್ಕವನ್ನು ಕಡಿದುಬಿಡುತ್ತದೆ. ಮಲ್ಟಿಮೀಟರಿಗೆ ಸೊನ್ನೆ ಕಾಣುವುದು ಆಗಲೇ. ಹೊರಗಿನಿಂದ ತಕ್ಕ ವೋಲ್ಟೇಜು ಬಂದರೆ ಸಂಪರ್ಕವನ್ನು ಮತ್ತೆ ಕೊಡಲು ಆ ಫಲಕವು ಸಿದ್ಧವಾಗಿಯೇ ಇರುತ್ತದೆ. ಆದರೆ ಸಾಧಾರಣವಾದ ಕಂಟ್ರೋಲರು ತಾನು ಎಚ್ಚರಗೊಳ್ಳುವುದಕ್ಕೂ, ಎದುರಿಗಿರುವುದು 12 ವೋಲ್ಟಿನ ಬ್ಯಾಟರಿಯೋ 24 ವೋಲ್ಟಿನದೋ ಎಂದು ತಿಳಿಯುವುದಕ್ಕೂ ಬ್ಯಾಟರಿಯ ವೋಲ್ಟೇಜನ್ನೇ ಆಶ್ರಯಿಸಿದೆ. ಸೊನ್ನೆಯಿದ್ದಲ್ಲಿ ಬ್ಯಾಟರಿಯೇ ಇಲ್ಲವೆಂದು ಅದರ ತೀರ್ಮಾನ. ಇದು ಅದಕ್ಕಾಗಿ, ಅದು ಇದಕ್ಕಾಗಿ ಕಾದು ಕುಳಿತಿರಲು, ಮೇಲೆ ಸೂರ್ಯನು ಹಗಲೆಲ್ಲ ವ್ಯರ್ಥವಾಗಿ ಉರಿಯುತ್ತಾನೆ.

ಆ ವಾಚಕರ ಮನೆಯ ತಾರಸಿಯ ಮೇಲೆ ಈ ತೊಡಕನ್ನು ಬಿಡಿಸಿದೆವು. ಸ್ಕೂಟರಿನ 12 ವೋಲ್ಟಿನ ಬ್ಯಾಟರಿಯೊಂದನ್ನು ತಂದು, ನಡುವೆ ಫ್ಯೂಸಿಟ್ಟು, ಧನಕ್ಕೆ ಧನ, ಋಣಕ್ಕೆ ಋಣ ಸೇರುವಂತೆ ಕೆಲವೇ ಕ್ಷಣ ಜೋಡಿಸಿ ತೆಗೆದೊಡನೆ, ಸೊನ್ನೆಯಿದ್ದ ಮೀಟರು 12ರ ಸಮೀಪಕ್ಕೆ ನೆಗೆಯಿತು. ಬಳಿಕ ಕಂಟ್ರೋಲರಿಗೆ ಮೊದಲು ಬ್ಯಾಟರಿಯನ್ನೂ ಅನಂತರ ಪ್ಯಾನೆಲನ್ನೂ ಸೇರಿಸಿದೆವು; ಈ ಕ್ರಮವನ್ನು ಎಂದೂ ತಪ್ಪಿಸತಕ್ಕದ್ದಲ್ಲ, ಬಿಚ್ಚುವಾಗ ಪ್ಯಾನೆಲೇ ಮೊದಲು. ಬ್ಯಾಟರಿಯು ತಿಂಗಳುಗಟ್ಟಲೆ ಬರಿದಾಗಿಯೇ ಬಿದ್ದಿದ್ದರೆ ಈ ಉಪಾಯವನ್ನು ಮಾಡಲೇಬಾರದು: ಕೋಶದೊಳಗಿನ ತಾಮ್ರದ ಹಾಳೆ ಕರಗಿ, ಮತ್ತೆ ತುಂಬುವಾಗ ಬೇಡದೆಡೆಯಲ್ಲಿ ಕೂತು, ಒಳಗೊಳಗೇ ಶಾರ್ಟ್ ಆಗುವ ಅಪಾಯವುಂಟು.

ಇಷ್ಟಕ್ಕೂ ಬ್ಯಾಟರಿ ಹೀಗೆ ಬರಿದಾದದ್ದೇಕೆ? ಹೊಸ ಬ್ಯಾಟರಿಯನ್ನು ಒಮ್ಮೆ ಪೂರ್ತಿ ಖಾಲಿ ಮಾಡಿದರೆ ಅದಕ್ಕೆ ಶಕ್ತಿ ಬರುತ್ತದೆಂದು ಹಿರಿಯರಾರೋ ಹೇಳಿದ್ದರಂತೆ. ನಿಕ್ಕೆಲ್-ಕ್ಯಾಡ್ಮಿಯಂ ಕೋಶಗಳ ಕಾಲದಿಂದ ಉಳಿದುಬಂದ ಈ ನಂಬಿಕೆಯನ್ನು ಲಿಥಿಯಮ್ಮಿಗೆ ಹಚ್ಚುವುದು ಶುದ್ಧ ಅವಿವೇಕ. ಅದನ್ನು ಬರಿದುಮಾಡಿದಷ್ಟೂ ಅದರ ಆಯುಸ್ಸು ಸವೆಯುತ್ತದೆ. ಇನ್ನೊಂದು ತಪ್ಪೂ ಕಂಡಿತು: ಆಯುಧಪೂಜೆಯಂದು ಹಚ್ಚಿದ ಗಂಧ ಕುಂಕುಮಗಳು ಟರ್ಮಿನಲ್ಲಿನ ಮೇಲೆ ಒಣಗಿ ಕೂತಿದ್ದವು. ಪೂಜೆ ಸಲ್ಲಲಿ, ಆದರೆ ಪೆಟ್ಟಿಗೆಯ ಮೈಗೆ ಸಲ್ಲಲಿ; ವೈರಿನ ತಾಮ್ರಕ್ಕೂ ಟರ್ಮಿನಲ್ಲಿನ ಹಿತ್ತಾಳೆಗೂ ನಡುವೆ ಯಾವ ಲೇಪವೂ ಇರಬಾರದು.

ಪ್ಯಾನೆಲಿನ ಮೇಲೆ ಬೀಳುವ ನೆರಳು ಎಷ್ಟು ಕೆಡುಕೆಂಬುದೂ ಆ ತಾರಸಿಯ ಮೇಲೆಯೇ ಪ್ರತ್ಯಕ್ಷವಾಯಿತು. ಪ್ಯಾನೆಲಿನಲ್ಲಿ 36 ಕೋಶಗಳು ಒಂದೇ ಸಾಲಾಗಿ ಹೆಣೆದುಕೊಂಡಿದ್ದವು. ಅವುಗಳಲ್ಲಿ ಒಂದರ ಮೇಲೆ ಅದನ್ನು ಮುಚ್ಚುವಷ್ಟೇ ಅಗಲದ ಹಲಸಿನೆಲೆಗಳನ್ನಿಟ್ಟೆವು, ಹರಿಯುತ್ತಿದ್ದ ವಿದ್ಯುತ್ತು ನಿಂತೇಹೋಯಿತು. ನೆರಳಾದ ಕೋಶವಿರುವ ಅರ್ಧದ 18 ಕೋಶಗಳನ್ನು ಬಿಟ್ಟು ಪ್ಯಾನೆಲಿನ ಡಯೋಡು ವಿದ್ಯುತ್ತನ್ನು ದಾಟಿಸಿದಾಗ ಉಳಿಯುವುದು ಸುಮಾರು 9 ವೋಲ್ಟು. 13 ವೋಲ್ಟಿನ ಬ್ಯಾಟರಿಯೊಳಕ್ಕೆ ಅದು ನುಗ್ಗುವುದೆಂತು? ಮರದಡಿಯ ತಂಪಿನಲ್ಲಿ ಡೇರೆಯಿರಲಿ, ಪ್ಯಾನೆಲು ಬಯಲಿನಲ್ಲಿರಲಿ.

ಬಿಸಿಲು ಸುಟ್ಟಷ್ಟೂ ವಿದ್ಯುತ್ತು ಹೆಚ್ಚೆಂಬುದೂ ಭ್ರಾಂತಿಯೇ. ಪ್ಯಾನೆಲಿಗೆ ಬೇಕಾದದ್ದು ಬೆಳಕು, ಶಾಖವಲ್ಲ. 25 ಡಿಗ್ರಿಯಲ್ಲಿ 18 ವೋಲ್ಟಿನಲ್ಲಿ ದುಡಿಯುವ ಪ್ಯಾನೆಲು, ಏಪ್ರಿಲಿನ ತಾರಸಿಯ ಮೇಲೆ 65 ಡಿಗ್ರಿಗೆ ಕಾದಾಗ 15ಕ್ಕಿಳಿಯುತ್ತದೆ. ಬ್ಯಾಟರಿ ತುಂಬಿ ಮುಗಿಯಲು 14.4 ಬೇಕು, ಉದ್ದನೆಯ ತೆಳ್ಳನೆಯ ವೈರು ಒಂದು ವೋಲ್ಟನ್ನು ನುಂಗಿತೆಂದರೆ ಕೆಲಸ ಕೊನೆಮುಟ್ಟದು. ಆದುದರಿಂದ ಪ್ಯಾನೆಲಿನ ಕೆಳಗೆ ಗಾಳಿಯಾಡುವಂತೆ ಎತ್ತರಿಸಿ, ವೈರನ್ನು ದಪ್ಪವಾಗಿಯೂ ಗಿಡ್ಡವಾಗಿಯೂ ಇಡಬೇಕು. ಸದಾ ದಕ್ಷಿಣಕ್ಕೆ ಮುಖಮಾಡಬೇಕೆಂಬ ನಿಯಮವೂ ನಮ್ಮೂರಿಗೆ ಪೂರ್ತಿ ಸಲ್ಲದು: ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿದ್ದು, ಆ ನಡುವಿನ ತಿಂಗಳುಗಳಲ್ಲಿ ಉತ್ತರಕ್ಕೆ ವಾಲಿರುತ್ತಾನೆ.

ಇದೇ ಸಾಮಗ್ರಿಯೊಂದಿಗೆ ಲಡಾಖಿಗೆ ಹೊರಡಲಿರುವುದಾಗಿ ಆ ತರುಣರು ಹೇಳಿದರು. ಅಲ್ಲಿಯ ಹಿಮದ ಮುಂಜಾನೆ ಪ್ಯಾನೆಲಿಗೆ ಒಳ್ಳೆಯದು, ಬ್ಯಾಟರಿಗೆ ಕೆಡುಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಿದರೆ ಲಿಥಿಯಂ ಗ್ರಾಫೈಟಿನೊಳಗೆ ಸೇರದೆ ಅದರ ಮೇಲ್ಮೈಯಲ್ಲಿ ಲೋಹವಾಗಿ ಕೂತುಬಿಡುತ್ತದೆ, ಆ ನಷ್ಟ ಮರಳಿ ತುಂಬದು. ರಾತ್ರಿ ಬ್ಯಾಟರಿಯನ್ನು ಡೇರೆಯೊಳಗೆ ಕಂಬಳಿ ಸುತ್ತಿ ಇರಿಸಿಕೊಂಡು, ಬೆಳಿಗ್ಗೆ ಅದರ ಮೈ ಬೆಚ್ಚಗಾದ ಮೇಲೆಯೇ ಪ್ಯಾನೆಲಿಗೆ ಜೋಡಿಸಿರೆಂದು ಅವರಿಗೆ ಹೇಳಿದ್ದೇನೆ.