ಕಾಣದ ಓದುಗರ ಲೆಕ್ಕ

ವಾಚನಾಲಯದ ಮೇಜಿನ ಮೇಲೆ ಉಳಿದ ಸಂಚಿಕೆಗಳನ್ನು ಸಂಜೆ ಎಣಿಸಿ ವಹಿಯಲ್ಲಿ ಬರೆದಿಡುವುದು ಗ್ರಂಥಾಲಯಗಳ ಹಳೆಯ ಕ್ರಮ. ‘ಓದಿದ ಸಂಚಿಕೆಯನ್ನು ಕಪಾಟಿನಲ್ಲಿ ಮರಳಿ ಇಡಬಾರದು’ ಎಂಬ ಸೂಚನೆ ಹಾಕುತ್ತಿದ್ದುದು ಈ ಎಣಿಕೆಗಾಗಿಯೇ. ಶಿಸ್ತಿನ ವಿದ್ಯಾರ್ಥಿಯೊಬ್ಬ ತಾನೇ ಎತ್ತಿಟ್ಟುಬಿಟ್ಟರೆ ಅವನ ಓದು ಲೆಕ್ಕಕ್ಕೇ ಬರುತ್ತಿರಲಿಲ್ಲ! ಈಗ ನಿಯತಕಾಲಿಕೆಗಳು ಗಣಕಯಂತ್ರವನ್ನೂ ಮೊಬೈಲನ್ನೂ ಸೇರಿವೆ. ಮೇಜು ಹೋಯಿತು, ಎಣಿಕೆ ಉಳಿಯಿತು.

ಪುಸ್ತಕದ ಬೆಲೆ ಅದರ ಬಳಕೆಯಲ್ಲಿದೆಯೇ ಹೊರತು ಸಂಗ್ರಹದಲ್ಲಿಲ್ಲ ಎಂಬ ವಿಚಾರವನ್ನು ಎಸ್.ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವಾಗಿಸಿದ್ದರು. ಅವರು ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಹಾಗೂ ತರಬೇತಿಯ ಕೇಂದ್ರವನ್ನು ಆರಂಭಿಸಿದ 1962ರಲ್ಲಿಯೇ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಇಚಲಕರಂಜಿ, ಗಡಹಿಂಗ್ಲಜ ಭಾಗದ ಅನೇಕ ಮಕ್ಕಳು ಮುಂದೆ ಪದವಿಗಾಗಿ ಸೇರುವುದು ಇದೇ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳನ್ನು.

ಇಂತಹ ಕಾಲೇಜುಗಳಿಗಾಗಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು 2010ರಿಂದ ‘ಎನ್-ಲಿಸ್ಟ್’ ಯೋಜನೆಯನ್ನು ನಡೆಸುತ್ತಿದೆ. ಸದಸ್ಯ ಕಾಲೇಜಿನ ವಿದ್ಯಾರ್ಥಿಯು ತನ್ನ ಹೆಸರಿನ ಗುಪ್ತಪದದಿಂದ 6,000ಕ್ಕೂ ಹೆಚ್ಚು ನಿಯತಕಾಲಿಕೆಗಳನ್ನು ಮನೆಯಲ್ಲಿಯೇ ಕುಳಿತು ತೆರೆಯಬಹುದು. ಕಾಲೇಜು ಸದಸ್ಯತ್ವ ಪಡೆದಿದ್ದರೂ ಗುಪ್ತಪದ ಕೇಳದ ವಿದ್ಯಾರ್ಥಿಗೆ ಆ ಬಾಗಿಲು ಇರುವುದೇ ತಿಳಿಯದು.

ಬಳಕೆಯನ್ನು ಅಳೆಯುವ ನಿಯಮಗಳೂ ಉಂಟು. ಆರಂಭದಲ್ಲಿ ಪ್ರತಿಯೊಬ್ಬ ಪ್ರಕಾಶಕನೂ ತನಗೆ ತೋಚಿದಂತೆ ಎಣಿಸುತ್ತಿದ್ದುದರಿಂದ ಒಬ್ಬನ ಅಂಕಿಯನ್ನು ಮತ್ತೊಬ್ಬನದಕ್ಕೆ ಹೋಲಿಸುವಂತಿರಲಿಲ್ಲ. ಗ್ರಂಥಾಲಯಗಳೂ ಪ್ರಕಾಶಕರೂ ಸೇರಿ 2002ರಲ್ಲಿ ‘ಕೌಂಟರ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಿದರು. ಅದರ ಐದನೆಯ ನಿಯಮಾವಳಿ 2019ರಿಂದ ಜಾರಿಗೆ ಬಂದಿತು. ಒಂದೇ ಲೇಖನದ ಮೇಲೆ 30 ಸೆಕೆಂಡುಗಳೊಳಗೆ ಎರಡು ಸಲ ಒತ್ತಿದರೆ ಅದು ಒಂದೇ ಬಳಕೆ. ಯಂತ್ರಗಳು ತಾವಾಗಿ ತೆರೆದದ್ದು ಲೆಕ್ಕಕ್ಕಿಲ್ಲ. ಸಾರಾಂಶವನ್ನಷ್ಟೇ ನೋಡಿದ್ದು ‘ಪರಿಶೀಲನೆ’, ಪೂರ್ಣ ಲೇಖನವನ್ನು ತೆರೆದಿದ್ದು ‘ಕೋರಿಕೆ’. ಚಂದಾ ಇಲ್ಲದ ಕಾರಣ ಬಾಗಿಲಲ್ಲೇ ಹಿಂತಿರುಗಿದವರಿಗೂ ಬೇರೆಯೊಂದು ಪಟ್ಟಿ ಇದೆ. ಏನು ಬೇಕಾಗಿತ್ತು, ಏನು ಸಿಗಲಿಲ್ಲ ಎಂಬುದು ಕಾಣುವುದು ಅದರಲ್ಲಿಯೇ. ಅಷ್ಟಾದರೂ ಗ್ರಂಥಾಲಯದ ವರದಿಗಳಲ್ಲಿ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗುವುದು ವಿರಳ.

ಇಷ್ಟೆಲ್ಲ ಎಣಿಕೆ ಏಕೆಂದರೆ ಹಣಕ್ಕಾಗಿ. ಉದಾಹರಣೆಗೆ, ವರ್ಷಕ್ಕೆ 50,000 ರೂಪಾಯಿ ಚಂದಾ ಇರುವ ನಿಯತಕಾಲಿಕೆಯನ್ನು 500 ಸಲ ತೆರೆದರೆ ಒಂದು ಓದಿಗೆ 100 ರೂಪಾಯಿ ಬೀಳುತ್ತದೆ. ಹತ್ತೇ ಸಲ ತೆರೆದರೆ 5,000 ರೂಪಾಯಿ. ಎರಡನೆಯ ಅಂಕಿಯನ್ನು ಕಂಡ ಸಮಿತಿಯು ಚಂದಾ ನಿಲ್ಲಿಸಲು ಹಿಂಜರಿಯದು. ಆದರೆ ಆ ಹತ್ತು ಸಲವೂ ಒಬ್ಬಳೇ ಸಂಶೋಧನಾ ವಿದ್ಯಾರ್ಥಿನಿಯದಾಗಿರಬಹುದು. ಅವಳ ಪ್ರಬಂಧ ನಿಂತಿರುವುದೇ ಅದರ ಮೇಲೆ ಇರಬಹುದು.

ಇಚಲಕರಂಜಿಯ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯುತ್ ಮಗ್ಗ ಎಷ್ಟು ಮೀಟರ್ ನೇಯ್ದಿತೆಂಬುದು ಅಳತೆಯಿಂದ ತಿಳಿಯುತ್ತದೆ. ಎಳೆ ಎಲ್ಲಿ ತಪ್ಪಿತೆಂದು ತಿಳಿಯಲು ಬಟ್ಟೆಯನ್ನು ಬಿಡಿಸಿ ನೋಡಲೇಬೇಕು. ಐವತ್ತು ಲೇಖನಗಳನ್ನು ಇಳಿಸಿಕೊಂಡು ಒಂದನ್ನೂ ಓದದವನ ಹೆಸರಿಗೆ ಐವತ್ತು ಬಳಕೆ. ಒಂದನ್ನು ಇಳಿಸಿಕೊಂಡು ವಾಟ್ಸ್ಆ್ಯಪ್‌ನಲ್ಲಿ ಇಡೀ ತರಗತಿಗೆ ಕಳುಹಿಸಿದವನ ಹೆಸರಿಗೆ ಒಂದೇ. ಕನ್ನಡದಲ್ಲಿ ಕಲಿತು ಬಂದ ಹುಡುಗಿ ಇಂಗ್ಲಿಷ್ ಲೇಖನವೊಂದನ್ನು ನಿಘಂಟು ಹಿಡಿದು ಮೂರು ಸಂಜೆ ಓದಿದರೂ, ಇಳಿಸಿಕೊಂಡಿದ್ದು ಒಮ್ಮೆಯಾದರೆ ಲೆಕ್ಕವೂ ಒಂದೇ. ಸಾರಾಂಶದ ಭಾಷೆಗೇ ಅಂಜಿ ಹಿಂದೆ ಸರಿದರೆ ಅವಳ ಹೆಸರಿಗೆ ಒಂದು ಪರಿಶೀಲನೆ ಸಿಕ್ಕೀತು, ಅಷ್ಟೆ. ಈ ವ್ಯತ್ಯಾಸ ತಿಳಿಯಬೇಕಾದರೆ ಗ್ರಂಥಪಾಲಕರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತನಾಡಿಸಬೇಕು. ಅಂಕಿಗಳ ವರದಿಯನ್ನು ಮೇಲಿನವರಿಗೆ ಕಳುಹಿಸಿದ ಮಾತ್ರಕ್ಕೆ ಅಳತೆ ಮುಗಿಯಿತೆಂದು ತಿಳಿಯುವುದು ಸರಿಯಲ್ಲ.

ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು, ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಅಧೀನದ 6,300ಕ್ಕೂ ಹೆಚ್ಚು ಸಂಸ್ಥೆಗಳು ಇದರ ವ್ಯಾಪ್ತಿಗೆ ಬಂದವು. ಯಾವ ಸಂಸ್ಥೆ ಎಷ್ಟು ಬಳಸುತ್ತದೆ ಎಂಬುದನ್ನು ಇಲ್ಲಿಯೂ ಗಮನಿಸಲಾಗುತ್ತದೆ. ದೊಡ್ಡ ವಿಶ್ವವಿದ್ಯಾಲಯದ ಸಾವಿರಾರು ಸಂಶೋಧಕರ ಮುಂದೆ ಸಣ್ಣ ಊರಿನ ಕಾಲೇಜಿನ ಅಂಕಿ ಚಿಕ್ಕದಾಗಿಯೇ ಕಾಣುತ್ತದೆ. ಒಟ್ಟು ಮೊತ್ತವನ್ನು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಮಾತ್ರ ಹೋಲಿಕೆ ನ್ಯಾಯವಾದೀತು.

ಮಗ ಅಥವಾ ಮಗಳು ಪದವಿ ತರಗತಿಗೆ ಸೇರುವಾಗ ಶುಲ್ಕದ ರಸೀದಿ, ಬಸ್ ಪಾಸು, ವಿದ್ಯಾರ್ಥಿವೇತನದ ಅರ್ಜಿಗಳನ್ನು ತಂದೆತಾಯಿಗಳು ಮರೆಯದೆ ವಿಚಾರಿಸುತ್ತಾರೆ. ಅದೇ ವಾರ ಗ್ರಂಥಾಲಯಕ್ಕೂ ಹೋಗಿ ಕೇಳಬೇಕಾದ ಪ್ರಶ್ನೆಗಳು ಎರಡು: ಕಾಲೇಜು ಎನ್-ಲಿಸ್ಟ್ ಸದಸ್ಯತ್ವ ಪಡೆದಿದೆಯೇ? ವಿದ್ಯಾರ್ಥಿಯ ಹೆಸರಿನ ಗುಪ್ತಪದ ಯಾವಾಗ ಸಿಗುತ್ತದೆ?