ಬೂದು ಗೋಡೆಯ ಒಳಛಾಯೆ: ಒಂದು ಪ್ರದರ್ಶನ ಕೊಠಡಿಯ ನಿದರ್ಶನದಿಂದ ಕೆಲವು ವಿಚಾರಗಳು

ಗೋಡೆಗೆ ಬಳಿಯುವ ಬಣ್ಣದ ವಿಚಾರಕ್ಕೆ ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಸ್ಥಳವೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಶಾಸನ, ನಾಣ್ಯ, ಕಡತಗಳಂತೆ ಶಿಲೆಯೂ ನಮಗೆ ಆಧಾರಸಾಮಗ್ರಿ. ಶಿಲೆಯನ್ನು ಕುರಿತ ವಿವರಣಪತ್ರದಲ್ಲಿ ಅಳತೆ, ಆಕಾರ, ಶೈಲಿಗಳೊಡನೆ ಬಣ್ಣವನ್ನೂ ದಾಖಲಿಸುವುದು ವಾಡಿಕೆ. ಬಣ್ಣವನ್ನು ನೋಡುವ ಕಣ್ಣಾದರೋ ಕಲ್ಲೊಂದನ್ನೇ ನೋಡುವುದಿಲ್ಲ. ಅದರ ಹಿಂದಿನ ಗೋಡೆಯನ್ನೂ, ಕೆಳಗಿನ ನೆಲವನ್ನೂ, ಮೇಲೆ ಬಿದ್ದ ಬೆಳಕನ್ನೂ ಕೂಡಿಯೇ ನೋಡುತ್ತದೆ. ಗೋಡೆ ತಪ್ಪಿದರೆ ದಾಖಲೆಯೂ ತಪ್ಪೀತು. ನಮ್ಮ ವಿಭಾಗದಲ್ಲಿ ಹಾಗೆಯೇ ಆಯಿತು. ಆ ತಪ್ಪಿನ ಕಾರಣಗಳನ್ನು ಶೋಧಿಸುತ್ತ ಹೋದಂತೆ ನಮಗೆ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ಸಂದರ್ಭ

ಕೆಲವು ವೀರಗಲ್ಲುಗಳನ್ನೂ ಭಗ್ನಶಿಲ್ಪಗಳನ್ನೂ ಇರಿಸಿದ ನಮ್ಮ ಚಿಕ್ಕ ಪ್ರದರ್ಶನ ಕೊಠಡಿಯ ನೆಲ ಹಳೆಯ ಕಾಲದ ಕೆಂಪು ರೆಡ್ ಆಕ್ಸೈಡ್ ನೆಲ, ಕಿಟಕಿಗಳು ಉತ್ತರಕ್ಕೆ. ಸುಣ್ಣ ಬಳಿದ ಗೋಡೆಯ ಬೆಳ್ಳನೆಯ ಹೊಳಪಿನಲ್ಲಿ ಕಲ್ಲಿನ ಕೆತ್ತನೆ ಮಂಕಾಗುತ್ತದೆಂದು ಬೂದು ಬಣ್ಣ ಬಳಿಸಲು ನಿಶ್ಚಯಿಸಿದೆವು. ಅಂಗಡಿಯಲ್ಲಿ ಟ್ಯೂಬ್ ಲೈಟಿನ ಕೆಳಗೆ ಷೇಡ್ ಕಾರ್ಡಿನ ಬೆರಳಗಲದ ತುಂಡೊಂದನ್ನು ನೋಡಿ, ಇದು ಶುದ್ಧ ಬೂದು ಎಂದು ನಂಬಿ, ಆರಿಸಿಬಿಟ್ಟೆವು.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ನೋಡಿದರೆ ಗೋಡೆಯ ಮೇಲ್ಭಾಗ ನೀಲಿಗೆ ತಿರುಗಿತ್ತು, ಕೆಳಭಾಗ ನೇರಳೆಯಾಗಿತ್ತು. ಬಣ್ಣ ಬಳಿದವರು ಡಬ್ಬಿ ಬದಲಿಸಿದ್ದಾರೆಂದು ನಾವು ಶಂಕಿಸಿದೆವು. ಅವರು ಡಬ್ಬಿಯ ಮೇಲಿನ ಸಂಖ್ಯೆಯನ್ನು ತೋರಿಸಿದರು. ಅದು ನಾವು ಬರೆದುಕೊಟ್ಟ ಸಂಖ್ಯೆಯೇ. ಆದರೂ ಅವರ ಕೂಲಿಯ ಕೊನೆಯ ಕಂತನ್ನು ತಡೆಹಿಡಿದೆವು. ಇಷ್ಟರಲ್ಲಿ ಮತ್ತೊಂದು ತೊಡಕು ಕಾಣಿಸಿಕೊಂಡಿತು. ಹಿಂದಿನ ವರ್ಷದ ವಿದ್ಯಾರ್ಥಿಗಳು "ಬೂದು" ಎಂದು ಬರೆದಿದ್ದ ಬಳಪದ ಕಲ್ಲಿನ ತುಣುಕನ್ನು ಈ ವರ್ಷದವರು "ಹಸಿರು" ಎಂದು ಬರೆದರು. ಕಲ್ಲು ಅದೇ, ಬರೆದವರೆಲ್ಲರೂ ಜಾಗರೂಕರೇ. ಹಾಗಾದರೆ ಎರಡು ದಾಖಲೆಗಳಲ್ಲಿ ಯಾವುದು ಗ್ರಾಹ್ಯ?

ಶೆವ್ರಲ್ ಪರಿಹರಿಸಿದ ವಿವಾದ

ಇಂತಹ ಶಂಕೆ ಹೊಸದಲ್ಲ. ಫ್ರೆಂಚ್ ರಸಾಯನಶಾಸ್ತ್ರಜ್ಞ ಮಿಷೆಲ್ ಯುಜೀನ್ ಶೆವ್ರಲ್ (1786–1889) 1824ರಲ್ಲಿ ಪ್ಯಾರಿಸ್ಸಿನ ಗೋಬೆಲಿನ್ ಚಿತ್ರವಸ್ತ್ರ ಕಾರ್ಖಾನೆಯ ಬಣ್ಣಗಾರಿಕೆಯ ನಿರ್ದೇಶಕನಾದನು. ನೀಲಿ ಮತ್ತು ನೇರಳೆ ವಸ್ತ್ರಗಳ ನೆರಳನ್ನು ನೇಯಲು ಬಳಸುವ ಕಪ್ಪು ನೂಲಿನಲ್ಲಿ ಕಸುವಿಲ್ಲವೆಂಬ ದೂರು ಅವನ ಮುಂದೆ ಬಂತು. ಬೇರೆ ಕಡೆಯ ಕಪ್ಪು ನೂಲುಗಳನ್ನು ತರಿಸಿ ಹೋಲಿಸಿದಾಗ ದೋಷ ನೂಲಿನದಲ್ಲ, ನೆರೆಯಲ್ಲಿರುವ ಬಣ್ಣದ್ದೆಂದು ಅವನಿಗೆ ತಿಳಿಯಿತು. ಈ ಶೋಧನೆಯ ಫಲವಾಗಿ 1839ರಲ್ಲಿ ಬಣ್ಣಗಳ ಏಕಕಾಲಿಕ ವೈದೃಶ್ಯವನ್ನು ಕುರಿತ ಅವನ ಬೃಹದ್ಗ್ರಂಥ ಪ್ರಕಟವಾಯಿತು.

ಆ ಗ್ರಂಥದಲ್ಲಿ ಬರುವ ಪ್ರಸಂಗವೊಂದು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ವರ್ತಕರು ಕೆಂಪು, ನೇರಳೆ, ನೀಲಿ ಬಟ್ಟೆಗಳನ್ನು ಕೊಟ್ಟು ಅವುಗಳ ಮೇಲೆ ಕಪ್ಪು ಚಿತ್ತಾರಗಳನ್ನು ಅಚ್ಚೊತ್ತಿಸಿದರು. ಬಟ್ಟೆ ಹಿಂದಿರುಗಿದಾಗ ಕೆಂಪಿನ ಮೇಲಿನ ಚಿತ್ತಾರ ಹಸಿರಾಗಿಯೂ, ನೇರಳೆಯ ಮೇಲಿನದು ಹಸಿರುಹಳದಿಯಾಗಿಯೂ, ನೀಲಿಯ ಮೇಲಿನದು ತಾಮ್ರದಂತೆಯೂ ಕಂಡುದರಿಂದ ಅಚ್ಚಿನವರು ಮೋಸ ಮಾಡಿದರೆಂದು ವ್ಯಾಜ್ಯ ಹೂಡಿದರು. ಶೆವ್ರಲ್ ಮಾಡಿದುದಿಷ್ಟೆ: ಚಿತ್ತಾರ ಮಾತ್ರ ಕಾಣುವಂತೆ ಕಾಗದವನ್ನು ಕತ್ತರಿಸಿ ಬಟ್ಟೆಯ ಮೇಲಿಟ್ಟನು. ಸುತ್ತಣ ಬಣ್ಣ ಮರೆಯಾದೊಡನೆ ಮೂರು ಚಿತ್ತಾರಗಳೂ ಕಪ್ಪಾಗಿಯೇ ಕಂಡವು. ಯಾವುದೇ ಬಣ್ಣದ ಮಗ್ಗುಲಲ್ಲಿ ವರ್ಣವಿಲ್ಲದ ಮೈಯೊಂದಿದ್ದರೆ, ಅದು ಆ ಬಣ್ಣದ ವಿರೋಧವರ್ಣದ ಕಡೆಗೆ ಓಲಿದಂತೆ ಕಣ್ಣಿಗೆ ತೋರುತ್ತದೆ ಎಂಬುದೇ ಇದರ ತತ್ತ್ವ. ಬೂದು ಬಣ್ಣಕ್ಕೆ ತನ್ನದೆಂಬ ವರ್ಣಬಲ ಅತ್ಯಲ್ಪವಾದುದರಿಂದ ನೆರೆಹೊರೆಯ ಪ್ರಭಾವಕ್ಕೆ ಅದು ಬಹು ಬೇಗ ಒಳಗಾಗುತ್ತದೆ.

ನಮ್ಮ ಬಳಪದ ಕಲ್ಲಿನ ಸಮಸ್ಯೆಗೆ ಇಲ್ಲಿಯೇ ಉತ್ತರವಿದೆ. ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾಗಿದ್ದ ಈ ಕಲ್ಲು ಸ್ವಭಾವತಃ ಹಸಿರು ಬೆರೆತ ಬೂದು. ನೇರಳೆ ಗೋಡೆಯ ಮುಂದೆ ಆ ಅಲ್ಪ ಹಸಿರು ಹಿಗ್ಗಿ ತೋರಿತು. ಕಲ್ಲನ್ನು ಜಗಲಿಗೆ ತಂದು ಬಿಳಿಯ ಹಾಳೆಯ ಮೇಲಿಟ್ಟು ನೋಡಿದಾಗ ಅದು "ಹಸಿರು" ಎನ್ನುವಷ್ಟು ಹಸಿರಲ್ಲ, ಬರಿಯ "ಬೂದು" ಎನ್ನುವಷ್ಟು ನಿರ್ವರ್ಣವೂ ಅಲ್ಲವೆಂದು ಸ್ಪಷ್ಟವಾಯಿತು.

ಒಳಛಾಯೆಯ ಮೂಲ

ಎಲ್ಲ ತರಂಗಗಳನ್ನೂ ಸಮಪ್ರಮಾಣದಲ್ಲಿ ಹಿಂದಿರುಗಿಸುವ ಮೈಯೇ ನಿಜವಾದ ಬೂದು. ಡಬ್ಬಿಯಲ್ಲಿ ಬರುವ ಬೂದು ಹಾಗಿರುವುದು ವಿರಳ. ಬಿಳಿಗೆ ಸೇರಿಸುವ ಕಪ್ಪುಗಳಲ್ಲಿಯೇ ಭೇದವುಂಟು. ದೀಪದ ಮಸಿಯ ಕಣಗಳು ಒರಟಾದುದರಿಂದ ಬಿಳಿಯಲ್ಲಿ ಬೆರೆತಾಗ ನೀಲಿಯತ್ತ ವಾಲುತ್ತವೆ. ಅತಿ ನುಣುಪಾದ ಇಂಗಾಲದ ಕಪ್ಪು ಕಂದಿನತ್ತ ವಾಲುತ್ತದೆ. ಕಬ್ಬಿಣದ ಆಕ್ಸೈಡಿನ ಕಪ್ಪೂ ಬೆಚ್ಚನೆಯ ಕಂದು ಛಾಯೆಯನ್ನೇ ಕೊಡುತ್ತದೆ. ಇವಲ್ಲದೆ, ಅಂಗಡಿಯ ಯಂತ್ರವು ಬಿಳಿಯ ಮೂಲಬಣ್ಣಕ್ಕೆ ಹಳದಿ, ಕೆಂಪು, ನೀಲಿ ಮುಂತಾದವುಗಳ ಹನಿಗಳನ್ನೂ ಸೇರಿಸುತ್ತದೆ. ಹೀಗೆ ಬೂದಿನ ಒಳಗೆ ಅಡಗಿ ಕುಳಿತ ವರ್ಣವನ್ನೇ ನಾವು ಒಳಛಾಯೆ ಎಂದು ಕರೆದಿದ್ದೇವೆ.

ಈ ಜ್ಞಾನ ನಮ್ಮ ಜನಕ್ಕೆ ಅಪರಿಚಿತವಲ್ಲ. ಸುಣ್ಣ ಬಳಿಯುವಾಗ ಚಿಟಿಕೆ ನೀಲಿಯನ್ನು ಕದಡುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲಿದ್ದ ಪದ್ಧತಿ. ಗೋಡೆಯನ್ನು ನೀಲಿಯಾಗಿಸುವುದು ಅದರ ಉದ್ದೇಶವಲ್ಲ. ಸುಣ್ಣದ ಹಳದಿ ಛಾಯೆಯನ್ನು ಅದರ ವಿರೋಧವರ್ಣದಿಂದ ಅಡಗಿಸುವುದು ಉದ್ದೇಶ. ಪ್ರಮಾಣ ಮೀರಿದರೆ ಗೋಡೆ ನೀಲಿಯಾಗುತ್ತದೆಂಬುದೂ ಅವರಿಗೆ ಗೊತ್ತು. ಶೆವ್ರಲ್ ಗ್ರಂಥಸ್ಥಗೊಳಿಸಿದ ವಿರೋಧವರ್ಣಗಳ ವ್ಯವಹಾರ ಸುಣ್ಣದ ಬಕೆಟ್ಟಿನ ಬಳಿಯಲ್ಲಿಯೂ ನಡೆಯುತ್ತಿತ್ತು ಎಂದರೆ ತಪ್ಪಾಗಲಾರದು.

ಬೆಳಕಿನ ಪಾತ್ರ

ಷೇಡ್ ಕಾರ್ಡು ಅಂಗಡಿಯಲ್ಲಿ ಒಂದು ಬಗೆಯಾಗಿಯೂ ಮನೆಯಲ್ಲಿ ಇನ್ನೊಂದು ಬಗೆಯಾಗಿಯೂ ಕಾಣಲು ಬೆಳಕೇ ಮುಖ್ಯ ಕಾರಣ. ಹಳೆಯ ತಂತಿಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್ ವರ್ಣತಾಪದ್ದು, ಹಳದಿಪ್ರಧಾನ. ಇಂದು ಬಹಳವಾಗಿ ಮಾರಾಟವಾಗುವ "ಕೂಲ್ ಡೇಲೈಟ್" ಎಲ್‌ಇಡಿ ದೀಪದ್ದು ಸುಮಾರು 6500 ಕೆಲ್ವಿನ್, ನೀಲಿಪ್ರಧಾನ. ಮೊದಲನೆಯದು ಬೂದಿನ ಕಂದನ್ನು ಎತ್ತಿ ತೋರಿದರೆ ಎರಡನೆಯದು ಅದರ ನೀಲಿಯನ್ನು ಎತ್ತಿ ತೋರುತ್ತದೆ. ಬೇರೆ ಬೇರೆ ವರ್ಣದ್ರವ್ಯಗಳಿಂದ ಕೂಡಿಸಿದ ಎರಡು ಬೂದುಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು ಇನ್ನೊಂದರಲ್ಲಿ ಬೇರೆಯಾಗುವುದೂ ಉಂಟು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಉತ್ತರದ ಕಿಟಕಿಯ ಬೆಳಕು ವರ್ಷವಿಡೀ ತಂಪಾಗಿಯೂ ಸ್ಥಿರವಾಗಿಯೂ ಇರುತ್ತದೆಂದು ಯೂರೋಪಿನ ಕೈಪಿಡಿಗಳು ಹೇಳುತ್ತವೆ. ಸೂರ್ಯನು ಮಧ್ಯಾಹ್ನದಲ್ಲಿ ಎಂದಿಗೂ ಉತ್ತರಕ್ಕೆ ಬಾರದ ಆ ದೇಶಗಳಿಗೆ ಅದು ಸರಿ. ಕರ್ನಾಟಕವಾದರೋ ಸಂಪೂರ್ಣವಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಸಂಜೆ ಓರೆಬಿಸಿಲು ಉತ್ತರದ ಕಿಟಕಿಯೊಳಕ್ಕೆ ಬರುತ್ತದೆ. ಮಳೆಗಾಲದ ಮೋಡ ಕವಿದಾಗ ಬೆಳಕಿನ ಬಗೆ ಮತ್ತೆ ಬದಲಾಗುತ್ತದೆ. ಆದುದರಿಂದ ಪರದೇಶದ ಸೂತ್ರವನ್ನು ಇಲ್ಲಿ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ.

ನಮ್ಮ ಪರೀಕ್ಷೆ

ಶೆವ್ರಲ್ಲನ ಮಾರ್ಗವನ್ನೇ ನಾವೂ ಅನುಸರಿಸಿದೆವು. ಬಿಳಿಯ ಡ್ರಾಯಿಂಗ್ ಹಾಳೆಯ ನಡುವೆ ಅಂಗೈಯಗಲದ ಕಿಂಡಿಯನ್ನು ಕತ್ತರಿಸಿ ಗೋಡೆಗೆ ಒತ್ತಿ ಹಿಡಿದೆವು. ಹಾಳೆಯ ಮೇಲೂ ಗೋಡೆಯ ಮೇಲೂ ಬೀಳುವ ಬೆಳಕು ಒಂದೇ ಆದುದರಿಂದ, ಹಾಳೆಯ ಬಿಳುಪಿಗೆ ಹೋಲಿಸಿದಾಗ ಉಳಿಯುವ ಛಾಯೆ ಬಣ್ಣದ್ದೇ ಎಂದು ತಿಳಿಯಬಹುದು. (ಕಚೇರಿಯ ಮುದ್ರಣಕಾಗದದಲ್ಲಿ ಹೊಳಪುಕಾರಕ ಸೇರಿದ್ದು ಅದೇ ಹಗಲಿನಲ್ಲಿ ನೀಲಿಯಾಗಿ ಕಾಣುವುದರಿಂದ ಈ ಕೆಲಸಕ್ಕೆ ಅದು ತಕ್ಕುದಲ್ಲ.) ಕಿಂಡಿಯೊಳಗೆ ಗೋಡೆಯ ಮೇಲ್ಭಾಗ ಆಗಲೂ ನೀಲಿಯಾಗಿಯೇ ಉಳಿಯಿತು, ಅಂದರೆ ನೀಲಿ ಬಣ್ಣದೊಳಗೇ ಇತ್ತು. ಕೆಳಭಾಗದಲ್ಲಿ ಹಾಳೆಯೇ ಕೊಂಚ ಕೆಂಪಾಗಿ ಕಂಡಿತು. ನೆಲದ ಮೇಲೆ ಬಿಳಿಯ ಬಟ್ಟೆ ಹಾಸಿದೊಡನೆ ಹಾಳೆಯ ಕೆಂಪೂ ಗೋಡೆಯ ನೇರಳೆಯೂ ಒಟ್ಟಿಗೆ ಮಾಯವಾದವು. ಕೆಂಪು ನೆಲದಿಂದ ಪುಟಿದ ಬೆಳಕು ನೀಲಿಬೂದಿನೊಡನೆ ಕೂಡಿ ನೇರಳೆಯಾಗುತ್ತಿತ್ತೆಂಬುದು ಇದರಿಂದ ಸಿದ್ಧವಾಯಿತು.

ಡಬ್ಬಿಯನ್ನು ಯಾರೂ ಬದಲಿಸಿರಲಿಲ್ಲ. ತಪ್ಪು ಆರಿಸಿದ ನಮ್ಮದೇ. ಬಣ್ಣ ಬಳಿದವರನ್ನು ಕರೆಸಿ, ಹಾಳೆಯನ್ನೂ ಬಟ್ಟೆಯನ್ನೂ ಇಟ್ಟು ತೋರಿಸಿ, ಬಾಕಿಯನ್ನು ಸಲ್ಲಿಸಿ ಕ್ಷಮೆ ಕೋರಿದೆವು. "ಕೆಂಪು ನೆಲದ ಮನೆಗೆ ಕೊಂಚ ಹಸಿರು ಹಾಕಿಸಬೇಕು ಸ್ವಾಮಿ, ನೀವು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದು ಅವರೆಂದರು. ಪುಸ್ತಕಗಳಿಂದ ನಾವು ಸುತ್ತಿ ಬಳಸಿ ತಲಪಿದ ಸ್ಥಳದಲ್ಲಿ ಅವರು ಮೊದಲೇ ನಿಂತಿದ್ದರು.

ಎರಡನೆಯ ಸಲ ನಾವು ಆತುರಪಡಲಿಲ್ಲ. ಎರಡಡಿ ಚೌಕದ ಮೂರು ಹಲಗೆಗಳಿಗೆ ಮೂರು ಬೂದುಗಳನ್ನು ಎರಡೆರಡು ಸಲ ಬಳಿಸಿ, ಪೂರ್ಣವಾಗಿ ಒಣಗಲು ಬಿಟ್ಟು, ಗೋಡೆಯ ಬುಡದಲ್ಲಿಯೂ ಎದೆಯ ಎತ್ತರದಲ್ಲಿಯೂ ನಿಲ್ಲಿಸಿ ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಹೀಗೆ ಮೂರು ವೇಳೆ ನೋಡಿದೆವು. ನೀಲಿ ಛಾಯೆಯದು ಮೊದಲಿನಂತೆ ನೇರಳೆಯಾಯಿತು. ಕಂದು ಛಾಯೆಯದು ನಸುಗೆಂಪಾಯಿತು. ಎಳ್ಳಷ್ಟು ಹಸಿರಿದ್ದುದು ನೆಲದ ಕೆಂಪನ್ನು ಸರಿದೂಗಿಸಿ ನಿರ್ವರ್ಣಕ್ಕೆ ಸಮೀಪವಾಗಿ ನಿಂತಿತು. ಅದನ್ನೇ ಆರಿಸಿದೆವು. ಇದನ್ನು ಸಾರ್ವತ್ರಿಕ ನಿಯಮವೆಂದು ಯಾರೂ ತಿಳಿಯಬಾರದು. ಕಿಟಕಿಯ ಹೊರಗೆ ಹಸಿರು ಮರಗಳು ಒತ್ತಾಗಿರುವ ಕೊಠಡಿಯಲ್ಲಿ ಇದೇ ಬಣ್ಣ ಪಾಚಿಯಂತೆ ಕಂಡೀತು. ಮೊದಲು ಕೊಠಡಿಯನ್ನು ಓದಬೇಕು, ಬಳಿಕ ಡಬ್ಬಿಯನ್ನು.

ಬಣ್ಣ ಎಷ್ಟು ತಿಳಿಯಾಗಿರಬೇಕೆಂಬುದು ಬೇರೆಯೇ ಪ್ರಶ್ನೆ. ಕಣ್ಣಿಗೆ ಕಪ್ಪು ಬಿಳುಪುಗಳ ನಟ್ಟನಡುವೆ ಇರುವಂತೆ ತೋರುವ ಬೂದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಅಂತಹುದನ್ನು ಬಳಿದರೆ ಕೊಠಡಿ ಕತ್ತಲಾಗುತ್ತದೆ. ಆದುದರಿಂದ ಶೇಕಡ 40ಕ್ಕಿಂತ ತುಸು ಹೆಚ್ಚು ಬೆಳಕನ್ನು ಹಿಂದಿರುಗಿಸುವ ತಿಳಿಬೂದನ್ನು ಇಟ್ಟುಕೊಂಡೆವು.

ದಾಖಲೆಯ ವಿಚಾರ

ಗೋಡೆ ಸರಿಯಾಯಿತು, ವಿವರಣಪತ್ರಗಳ ಗತಿಯೇನು? "ಹಸಿರು" ಎಂದು ಬರೆದ ಪತ್ರಗಳನ್ನು ಹರಿದುಹಾಕಬೇಕೆಂಬ ಸಲಹೆ ಬಂದಿತ್ತು. ನಾವು ಒಪ್ಪಲಿಲ್ಲ. ಆ ವಿದ್ಯಾರ್ಥಿಗಳು ಕಂಡುದನ್ನೇ ಬರೆದಿದ್ದರು. ಅಂದಿನ ಗೋಡೆಯ ಬಣ್ಣವನ್ನು ಅಂಚಿನಲ್ಲಿ ಸೂಚಿಸಿ, ಅವನ್ನು ಹಾಗೆಯೇ ಉಳಿಸಿದ್ದೇವೆ. ಇನ್ನು ಮುಂದೆ ಬಣ್ಣವನ್ನು ಬರೆಯುವಾಗ ಯಾವ ಬೆಳಕು, ಯಾವ ಹಿನ್ನೆಲೆ ಎಂಬುದನ್ನೂ ಬರೆಯುವುದು ವಿಭಾಗದ ನಿಯಮವಾಗಿದೆ. ಉತ್ಖನನ ಕ್ಷೇತ್ರದಲ್ಲಿ ಮಣ್ಣಿನ ಬಣ್ಣವನ್ನು ಗುರುತಿಸಲು ಪುರಾತತ್ತ್ವಜ್ಞರು ಬಳಸುವ ಮನ್ಸೆಲ್ ವರ್ಣಪಟ್ಟಿಯೂ ಇದೇ ಎಚ್ಚರದಿಂದ ಹುಟ್ಟಿದುದು. ಅಮೆರಿಕದ ಕಲಾಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ಕ್ರಮವನ್ನು ಅನುಸರಿಸಿ ಅದು ವರ್ಣ, ತಿಳಿತನ, ವರ್ಣಸಾಂದ್ರತೆ ಎಂಬ ಮೂರನ್ನೂ ಪ್ರತ್ಯೇಕವಾಗಿ ಅಂಕಿಗಳಲ್ಲಿ ಹೇಳುತ್ತದೆ. ಬಿಲ್ಲೆಗಳ ಮಗ್ಗುಲಲ್ಲಿ ಮಣ್ಣನ್ನು ನೋಡಲು ಕಿಂಡಿಗಳೂ ಇರುತ್ತವೆ. ಶೆವ್ರಲ್ಲನ ಕತ್ತರಿಸಿದ ಕಾಗದದ ನೆನಪು ನಮಗೆ ಅಲ್ಲಿಯೂ ಆಗುತ್ತದೆ.

ಒಂದು ಹೇಳಿಕೆಯನ್ನು ಅದರ ಸನ್ನಿವೇಶದಿಂದ ಬಿಡಿಸಿ ನೋಡುವುದೂ, ಮತ್ತೆ ಸನ್ನಿವೇಶದಲ್ಲಿಟ್ಟು ನೋಡುವುದೂ ಇತಿಹಾಸದ ವಿದ್ಯಾರ್ಥಿಗೆ ದಿನನಿತ್ಯದ ಕೆಲಸ. ಅದೇ ಕೆಲಸವನ್ನು ಗೋಡೆಯ ವಿಚಾರದಲ್ಲಿ ಮಾಡಲು ನಮಗೆ ತೋಚದೆ ಹೋದುದರಿಂದ ಒಬ್ಬರ ಕೂಲಿ ತಡವಾಯಿತು, ಕಲ್ಲೊಂದರ ಬಣ್ಣ ದಾಖಲೆಯಲ್ಲಿ ಬದಲಾಯಿತು. ಕಾಲೇಜುಗಳಲ್ಲಿ ಚಿಕ್ಕ ಪ್ರದರ್ಶನ ಕೊಠಡಿಗಳನ್ನು ಕಟ್ಟುತ್ತಿರುವ ಅಧ್ಯಾಪಕಮಿತ್ರರಿಗೆ ಈ ಅನುಭವ ಕಿಂಚಿತ್ತಾದರೂ ಒದಗಿದರೆ ನಮ್ಮ ಶ್ರಮ ಸಾರ್ಥಕವೆಂದು ಭಾವಿಸುತ್ತೇವೆ.