ಕಾರಿನ ಗಾಜಿಗೆ ಗೀರು ಬಿದ್ದಿದೆಯೇ?

ಇಳಿಹೊತ್ತಿನಲ್ಲಿ ಯಾದಗಿರಿಯಿಂದ ಶಹಾಪುರದ ಕಡೆ ಕಾರಿನಲ್ಲಿ ಹೊರಟರೆ ಸೂರ್ಯ ಎದುರಿಗೇ ಇರುತ್ತಾನೆ. ಮಧ್ಯಾಹ್ನ ಕಣ್ಣಿಗೆ ಬೀಳದ ಗೀರುಗಳೆಲ್ಲ ಆಗ ಮುಂದಿನ ಗಾಜಿನ ಮೇಲೆ ಜೇಡರ ಬಲೆಯಂತೆ ಹೊಳೆಯುತ್ತವೆ. ರಾತ್ರಿ ಎದುರಿನ ಲಾರಿಯ ಬೆಳಕು ಬಿದ್ದಾಗಲೂ ಹಾಗೆಯೇ. ಸುರಪುರದಲ್ಲಿ ಮದುವೆ ಮುಗಿಸಿ ಮಕ್ಕಳೊಂದಿಗೆ ಮರಳುವಾಗ, ಭತ್ತದ ಹುಲ್ಲು ಹೇರಿಕೊಂಡು ಹಿಂದೆ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರ್ ಆ ಹೊಳಪಿನಲ್ಲಿ ಕಾಣದೆ ಹೋದರೆ? ಗೀರು ಬರೀ ಅಂದಚಂದದ ಮಾತಲ್ಲ.

ಇದಕ್ಕೆ ಹೆಚ್ಚಾಗಿ ಕಾರಣ ನಾವು ಒರೆಸುವ ರೀತಿಯೇ. ಶಹಾಪುರ, ಯಾದಗಿರಿಯ ಬೆಟ್ಟಗಳು ಗ್ರಾನೈಟ್ ಕಲ್ಲಿನವು. ಆ ಕಲ್ಲು ಸವೆದು ಬರುವ ಮರಳಿನಲ್ಲಿ ಗಾಜಿಗಿಂತ ಗಡಸಾದ ಕ್ವಾರ್ಟ್ಜ್ ಹರಳುಗಳಿರುತ್ತವೆ. ಧೂಳು ಕುಳಿತ ಗಾಜನ್ನು ಒಣ ಅರಿವೆಯಿಂದ ತಿಕ್ಕುವುದೂ ಒಂದೇ, ಮರಳು ಕಾಗದದಿಂದ ಉಜ್ಜುವುದೂ ಒಂದೇ. ಬಾಗಿಲಿನ ಗಾಜು ಇಳಿಯುವ ರಬ್ಬರ್ ಪಟ್ಟಿಯಲ್ಲಿ ಮರಳು ಸಿಕ್ಕಿಕೊಂಡರೆ ಪ್ರತಿ ಸಲ ಗಾಜು ಏರಿಳಿದಾಗಲೂ ಉದ್ದನೆಯ ಗೆರೆ ಬೀಳುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿನ ಕಪ್ಪು ಫಿಲ್ಮ್ ತೆಗೆಸಲು ಆದೇಶಿಸಿತು. ಪರ್ದಾಕ್ಕೆಂದು ಹಚ್ಚಿಸಿದ್ದ ಫಿಲ್ಮನ್ನು ಬ್ಲೇಡಿನಿಂದ ಹೆರೆದು ತೆಗೆದ ಗಾಜುಗಳಲ್ಲಿ ಆ ಗುರುತು ಹಾಗೆಯೇ ಉಳಿದಿರಬಹುದು.

ಸಹೋದರಿಯರೇ, ಪಾಲಿಶ್‌ಗೆ ಹಣ ಕೊಡುವ ಮುಂಚೆ ಅದು ನಿಜವಾಗಿ ಗೀರೇ ಎಂದು ನೋಡಿ. ಬೋರ್‌ವೆಲ್ಲಿನ ಗಡಸು ನೀರು ಬಿಸಿಲಿಗೆ ಆರಿದಾಗ ಬಿಳಿ ಕಲೆ ಬಿಡುತ್ತದೆ. ಗಾಜು ತೊಳೆದು, ಅಡುಗೆಮನೆಯ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಮೆತ್ತನೆಯ ಬಟ್ಟೆಯಿಂದ ಹಚ್ಚಿ. ಎರಡು ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಹೋದರೆ ಅದು ಉಪ್ಪಿನ ಕಲೆ.

ಹೋಗದಿದ್ದರೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲ್ಪದರದ್ದು, ಸೀರಿಯಂ ಆಕ್ಸೈಡ್ ಎಂಬ ಪುಡಿಯಿಂದ ಮಾಸುತ್ತದೆ. ಕನ್ನಡಕದ ಗಾಜು ನಯಗೊಳಿಸಲೂ ಬಳಸುವ ಪುಡಿ ಇದು. ನೀರಿನಲ್ಲಿ ಮೊಸರಿನ ಹದಕ್ಕೆ ಕಲಸಿ, ನೆರಳಿನಲ್ಲಿ, ಉಣ್ಣೆಯ ಫೆಲ್ಟ್ ತುಂಡಿನಿಂದ ಒತ್ತಡವಿಲ್ಲದೆ ಸುತ್ತಲೂ ಉಜ್ಜಬೇಕು. ಒಣಗಲು ಬಿಡಬಾರದು. ಮೆಷಿನ್ ಹಚ್ಚಿದರಂತೂ ಒಂದೇ ಕಡೆ ನಿಲ್ಲಿಸಬಾರದು, ಗಾಜು ಕಾದು ಸೀಳುತ್ತದೆ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ದೂರವಿಡಿ. ಟೂತ್‌ಪೇಸ್ಟ್ ಹಚ್ಚಿದರೆ ಸಾಕು ಎನ್ನುವವರಿದ್ದಾರೆ. ಗಾಜು ಘಮಘಮ ಎನ್ನಬಹುದು, ಗೀರು ಮಾತ್ರ ಇದ್ದಲ್ಲೇ ಇರುತ್ತದೆ.

ಉಗುರು ಸಿಕ್ಕಿಕೊಂಡರೆ ಕೈ ಹಚ್ಚಬೇಡಿ. ಆಳದ ಗೀರು ತೆಗೆಯಲು ಸುತ್ತಲಿನ ಗಾಜನ್ನೂ ಸವೆಸಬೇಕು. ಅಲ್ಲಿ ಗುಳಿ ಬಿದ್ದು ರಸ್ತೆಯೇ ಸೊಟ್ಟಗೆ ಕಾಣತೊಡಗುತ್ತದೆ. ಪಕ್ಕದ ಗಾಜಿನಲ್ಲಾದರೆ ಸಹಿಸಿಕೊಳ್ಳಬಹುದು. ಓಡಿಸುವವರ ಕಣ್ಣೆದುರಿನ ಗಾಜಿನಲ್ಲಾದರೆ ಬದಲಾಯಿಸುವುದೇ ಸರಿ. ಖರ್ಚು ದೊಡ್ಡದೇ, ನಿಜ. ವಿಮೆ ಇದ್ದರೆ ಎಷ್ಟು ಸಿಗುತ್ತದೆಂದು ಮೊದಲು ಕೇಳಿಕೊಳ್ಳಿ. ಹಿಂದಿನ ಗಾಜಿನ ಒಳಬದಿಯಲ್ಲಿ ಸಣ್ಣ ಅಡ್ಡಗೆರೆಗಳಿದ್ದರೆ ಅವು ಮಂಜು ಕರಗಿಸುವ ತಂತಿಗಳು, ಗೀರೆಂದು ಉಜ್ಜಬೇಡಿ.

ಇನ್ನು ಮುಂದೆ ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಉಂಗುರ, ಬಳೆ ತೆಗೆದಿಡಿ. ರಬ್ಬರ್ ಪಟ್ಟಿಯನ್ನು ಹಳೆಯ ಬ್ರಷ್‌ನಿಂದ ಆಗಾಗ ಸ್ವಚ್ಛ ಮಾಡಿ. ವೈಪರ್ ರಬ್ಬರ್ ಬೇಸಿಗೆಯಲ್ಲಿ ಸುಟ್ಟು ಸೀಳಿದ್ದರೆ ಮೊದಲ ಮಳೆಗೆ ಮುಂಚೆಯೇ ಹೊಸದು ಹಾಕಿಸಿ.